ಚಿಪ್ಪನ್ನು ಯಾಕೆ ಕೇಳಬೇಕು, ಯಂತ್ರ ಇಲ್ವಾ?

ಪ್ರಶ್ನೆ: ಅಕ್ಕೋರೆ, ನನ್ನ ಮಗಳು ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿದ್ದಾಳೆ. ಸಮುದ್ರ ಎಷ್ಟು ಕೆಟ್ಟಿದೆ ಅಂತ ತಿಳಿಯಲು ಕಪ್ಪೆಚಿಪ್ಪು ಹಿಡಿದು ನೋಡುತ್ತಾರಂತೆ. ಒಂದು ಬಾಟ್ಲಿ ನೀರು ಲ್ಯಾಬಿಗೆ ಕಳಿಸಿದರೆ ಯಂತ್ರವೇ ಹೇಳುತ್ತದೆ, ಪಾಪದ ಪ್ರಾಣಿಗೆ ಯಾಕೆ ತ್ರಾಸು? ಅದನ್ನು ಓದಿ ಬಂದು ಇಲ್ಲಿ ಏನು ಮಾಡುತ್ತಾಳೆ? ನಮ್ಮ ಕಡೆ ಸಮುದ್ರ ಎಲ್ಲಿದೆ?
– ಗೊಬ್ಬರ, ಎಣ್ಣೆ (ಕೀಟನಾಶಕ) ಅಂಗಡಿಯವರು, ಕಾರಟಗಿ

ಉತ್ತರ: ಸಾಹುಕಾರ್ರೆ, ಸಮುದ್ರ ಇಲ್ಲ, ನಿಜ. ಆದರೆ ಅಲ್ಲಿಗೆ ಹೋಗುವ ದಾರಿ ಇಲ್ಲೇ ಇದೆ. ನಿಮ್ಮಿಂದ ಎಣ್ಣೆ ಒಯ್ದವರು ಭತ್ತಕ್ಕೆ ಹೊಡೆಯುತ್ತಾರೆ. ಗದ್ದೆಯ ಬಸಿನೀರು ಹಳ್ಳಕ್ಕೆ, ಹಳ್ಳ ತುಂಗಭದ್ರೆಗೆ, ಹೊಳೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಎಣ್ಣೆಯೆಲ್ಲ ಅಷ್ಟು ದೂರ ಹೋಗುತ್ತದೆ ಅಂತಲ್ಲ. ಬಹಳಷ್ಟು ನಡುವೆಯೇ ಒಡೆದುಹೋಗುತ್ತದೆ, ಇಲ್ಲಾ ಕೆಸರಿಗೆ ಅಂಟುತ್ತದೆ.

ಇನ್ನು ಯಂತ್ರದ ಮಾತು. ಬಾಟ್ಲಿಯ ನೀರು ಹೇಳುವುದು ಅದನ್ನು ತುಂಬಿದ ಗಳಿಗೆಯ ಸುದ್ದಿ ಮಾತ್ರ. ರಾತ್ರಿ ಯಾರೋ ಏನೋ ಬಿಟ್ಟು, ಬೆಳಗಿನ ಇಳಿತಕ್ಕೆ ಅದು ಕೊಚ್ಚಿಹೋಗಿದ್ದರೆ ಬಾಟ್ಲಿಗೆ ಎಲ್ಲಿ ಸಿಗಬೇಕು? ಕರಾವಳಿಯವರು ನೀಲಿಕಲ್ಲು ಅನ್ನುವ ಚಿಪ್ಪು ಬಂಡೆ ಬಿಟ್ಟು ಕದಲುವುದಿಲ್ಲ. ಹಗಲೂ ರಾತ್ರಿ ನೀರು ಸೋಸುತ್ತಾ, ಅದರಲ್ಲಿದ್ದ ಸೀಸ, ಕ್ಯಾಡ್ಮಿಯಂ ಎಲ್ಲ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಇದನ್ನು ನೋಡಿಯೇ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ‘ಮಸಲ್ ವಾಚ್’, ಅಂದರೆ ಚಿಪ್ಪಿನ ಕಾವಲು, ಶುರು ಮಾಡೋಣ ಅಂದರು. ಅಲ್ಲಿನ ಸರ್ಕಾರ 1986ರಿಂದ ತನ್ನ ಕರಾವಳಿಯ ಚಿಪ್ಪುಗಳನ್ನು ಹೀಗೆ ಪರೀಕ್ಷಿಸಲು ಶುರು ಮಾಡಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮೈಯಲ್ಲಿ ಇಷ್ಟು ಸೀಸ ಇದೆ ಅಂತ ಗೊತ್ತಾಯಿತು, ಸರಿ. ಅದರಿಂದ ಆ ಜೀವಕ್ಕೆ ಏನಾಯಿತು? ನಿಮ್ಮ ಮಗಳು ಕಲಿಯುತ್ತಿರುವುದು ಈ ಭಾಗ. ನನಗೆ ಇಷ್ಟವಾದದ್ದೂ ಇದೇ.

ಒಂದು ಪರೀಕ್ಷೆ ಹೇಳುತ್ತೇನೆ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಕಾರವಾರಕ್ಕೆ ತರಬೇತಿಗೆ ಹೋಗಿ ನಾನೇ ಮಾಡಿ ನೋಡಿದ್ದು. ಚಿಪ್ಪಿನ ಬಾಯಿ ಸ್ವಲ್ಪ ಅಗಲಿಸಿ, ಅದನ್ನು ಮುಚ್ಚುವ ಸ್ನಾಯುವಿನಿಂದ ಸಿರಿಂಜಿನಲ್ಲಿ ಚೂರು ರಕ್ತ ಎಳೆಯಬೇಕು. ಕೆಂಪಗಿರುವುದಿಲ್ಲ, ಬಣ್ಣವೇ ಇರುವುದಿಲ್ಲ. ಅದನ್ನು ಗಾಜಿನ ಮೇಲಿಟ್ಟು ‘ನ್ಯೂಟ್ರಲ್ ರೆಡ್’ ಅನ್ನುವ ಬಣ್ಣ ಹಾಕಬೇಕು. ಜೀವಕೋಶದೊಳಗೆ ಕಸ ಅರಗಿಸುವ ಪುಟ್ಟ ಚೀಲಗಳಿವೆ, ಲೈಸೋಸೋಮ್ ಅಂತ. ಬಣ್ಣ ಹೋಗಿ ಅವುಗಳಲ್ಲಿ ಕೂರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ತುಂಬ ಕೆಂಪು ಚುಕ್ಕೆ. ಆಮೇಲೆ ಗಡಿಯಾರ ಇಟ್ಟುಕೊಂಡು ಕಾಯುವುದೇ ಕೆಲಸ, ಕತ್ತು ನೋಯುತ್ತದೆ. ಗಟ್ಟಿಮುಟ್ಟಾದ ಚಿಪ್ಪಿನಲ್ಲಿ ಎರಡು ಗಂಟೆ ಕಳೆದರೂ ಚುಕ್ಕೆ ಚುಕ್ಕೆಯಾಗಿಯೇ ಇರುತ್ತದೆ. ವಿಷ ಉಂಡದ್ದರಲ್ಲಿ ಚೀಲದ ಪೊರೆ ಸಡಿಲವಾಗಿ, ಬಣ್ಣ ಸೋರಿ, ಇಡೀ ಕೋಶ ಗುಲಾಬಿಯಾಗಿಬಿಡುತ್ತದೆ. 50 ನಿಮಿಷದೊಳಗೆ ಸೋರಿದರೆ ಅದರ ಹಾಲತ್ತು ಕೆಟ್ಟಿದೆ ಅಂತ ಯುರೋಪಿನವರ ಲೆಕ್ಕ. ಈ ಪರೀಕ್ಷೆಗೆ ಪ್ರಾಣಿಯನ್ನು ಕೊಲ್ಲಲೇಬೇಕು ಅಂತೇನಿಲ್ಲ, ನಿಮಗೆ ಸಮಾಧಾನವಾಗಲಿ.

ಇನ್ನೊಂದು ಪರೀಕ್ಷೆ ನಿಮ್ಮ ವ್ಯಾಪಾರಕ್ಕೇ ಹತ್ತಿರದ್ದು. ಎಣ್ಣೆ ಹೊಡೆಯುವಾಗ ತಲೆಸುತ್ತಿ ಬಿದ್ದವರ ರಕ್ತದಲ್ಲಿ ಡಾಕ್ಟರು, ನರಗಳನ್ನು ಹತೋಟಿಯಲ್ಲಿಡುವ ಕೋಲಿನೆಸ್ಟರೇಸ್ ಎಂಬ ಕಿಣ್ವ ನೋಡುತ್ತಾರಲ್ವಾ? ಕ್ಲೋರ್‌ಪೈರಿಫಾಸ್, ಮೊನೊಕ್ರೋಟೋಫಾಸ್ ಜಾತಿಯ ಎಣ್ಣೆಗಳು ಕೋಲಿನೆಸ್ಟರೇಸ್ ಕೆಲಸ ಮಾಡದಂತೆ ತಡೆಯುತ್ತವೆ, ಅದಕ್ಕೇ ನರ ಹಿಡಿತ ತಪ್ಪುವುದು. ಚಿಪ್ಪಿನ ಕಿವಿರಿನಲ್ಲೂ ಇದನ್ನೇ ಅಳೆಯುತ್ತಾರೆ. ಹುಳಕ್ಕೆ ಅಂತ ಹೊಡೆದದ್ದು ಹುಳಕ್ಕಷ್ಟೇ ತಾಗಿತಾ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಯಂತ್ರಕ್ಕಿಂತ ಮೊದಲೇ ಪ್ರಾಣಿ ಹೇಳಿದ ಕಥೆಯೂ ಇದೆ. ಹಡಗಿನ ತಳಕ್ಕೆ ಪಾಚಿ, ಚಿಪ್ಪು ಅಂಟದಿರಲಿ ಅಂತ ಟಿಬಿಟಿ ಎಂಬ ತವರದ ವಿಷ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಇಂಗ್ಲೆಂಡಿನ ಪ್ಲಿಮತ್ ಹತ್ತಿರ 1970ರ ಹೊತ್ತಿಗೆ ಹೆಣ್ಣು ಬಸವನಹುಳುಗಳಿಗೆ ಗಂಡಿನ ಅಂಗ ಬೆಳೆದದ್ದು ಕಂಡಿತು. ಕಾರಣ ಈ ಬಣ್ಣ ಅಂತ ಪಕ್ಕಾ ಆಗಲು ವರ್ಷಗಳೇ ಹಿಡಿದವು. ಲೀಟರಿಗೆ ಒಂದು ನ್ಯಾನೊಗ್ರಾಂ ಸಾಕಿತ್ತು, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು! ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯಲ್ಲಿ ಇದೇ ಬಣ್ಣದಿಂದ ಸಿಂಪಿ ಸಾಕುವವರು ನಷ್ಟದಲ್ಲಿ ಮುಳುಗಿಯೇ ಹೋಗಿದ್ದರು. 1982ರಲ್ಲಿ ಆ ದೇಶ ಸಣ್ಣ ದೋಣಿಗಳಿಗೆ ಈ ಬಣ್ಣ ನಿಲ್ಲಿಸಿತು. ಎಲ್ಲ ಹಡಗಿಗೂ ಅನ್ವಯಿಸುವ ಒಪ್ಪಂದ ಜಾರಿಗೆ ಬರುವಾಗ 2008. ಹುಳ ಹೇಳಿದ್ದು ಎಂದೋ, ಮನುಷ್ಯರು ಕೇಳಿದ್ದು ಎಂದೋ.

ಹಾಗಂತ ಚಿಪ್ಪು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ನುಗ್ಗಿ ಅಳಿವೆಯ ಉಪ್ಪು ಇಳಿದರೂ ಚಿಪ್ಪು ಕಂಗಾಲಾಗುತ್ತದೆ. ಮೊಟ್ಟೆ ಬಿಡುವ ಕಾಲದಲ್ಲೂ ಸೊರಗುತ್ತದೆ. ಅದಕ್ಕೆ ಅದೇ ಋತುವಿನಲ್ಲಿ ಸ್ವಚ್ಛ ಜಾಗದ ಚಿಪ್ಪನ್ನೂ ತಂದು ಹೋಲಿಸಲೇಬೇಕು. ಹೋಲಿಸದೆ ‘ಮಾಲಿನ್ಯ, ಮಾಲಿನ್ಯ’ ಅಂತ ಸುಮ್ನೆ ಕೂಗುವವರನ್ನು ನಾನು ನಂಬುವುದಿಲ್ಲ. ನೀರಿನ ಪರೀಕ್ಷೆಯೂ ಜೊತೆಗೆ ಬೇಕು. ಯಾವ ವಿಷ ಅಂತ ಹೆಸರು ಹಿಡಿದು ಹೇಳುವುದು ಯಂತ್ರವೇ.

ಮಗಳು ಇಲ್ಲಿ ಏನು ಮಾಡುತ್ತಾಳೆ ಅಂದಿರಿ. ಪೋಲೆಂಡಿನ ವಾರ್ಸಾದಲ್ಲಿ ಕುಡಿಯುವ ನೀರಿಗೆ ಸಿಹಿನೀರಿನ ಚಿಪ್ಪುಗಳನ್ನೇ ಕಾವಲಿಗೆ ಇಟ್ಟಿದ್ದಾರೆ. ಅವು ಎಷ್ಟು ಬಾಯಿ ತೆರೆದಿವೆ ಅಂತ ಸೆನ್ಸರ್ ನೋಡುತ್ತಿರುತ್ತದೆ. ಎಲ್ಲವೂ ಒಟ್ಟಿಗೆ ಬಾಯಿ ಮುಚ್ಚಿದರೆ ಎಚ್ಚರಿಕೆ ಹೋಗುತ್ತದೆ. ತುಂಗಭದ್ರೆ ನೀರು ಕುಡಿಯುವ ಊರು ನಮ್ಮಲ್ಲಿ ಕಡಿಮೆಯೇ? ಓದಲಿ ಬಿಡಿ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಉಪಕಾಲುವೆಯಲ್ಲಿ ಕಪ್ಪೆಚಿಪ್ಪುಗಳು ಬಾಯಿ ತೆರೆದು ಸತ್ತು ಬಿದ್ದಿರುತ್ತವೆ. ವಿಷ ಸೇರಿರಬಹುದೇ?
– ಪ್ರೌಢಶಾಲೆ ಶಿಕ್ಷಕರು, ಮಾನ್ವಿ ತಾಲ್ಲೂಕು

ಉತ್ತರ: ಮೇಷ್ಟ್ರೆ, ಕಾಲುವೆಗೆ ನೀರು ಬಂದ್ ಮಾಡಿದ ಮೇಲೆ ಸತ್ತಿದ್ದರೆ ಬಿಸಿಲಿಗೆ ಒಣಗಿ ಸತ್ತಿರುತ್ತವೆ, ಗಾಬರಿ ಬೇಡ. ನೀರು ಹರಿಯುತ್ತಿರುವಾಗಲೇ ಚಿಪ್ಪು, ಮೀನು, ಬಸವನಹುಳು ಒಟ್ಟಿಗೆ ಸತ್ತರೆ ಅನುಮಾನಪಡಿ. ತಡಮಾಡದೆ ಸ್ವಚ್ಛವಾದ ಗಾಜಿನ ಬಾಟ್ಲಿಯಲ್ಲಿ ನೀರು ತುಂಬಿ, ಮಂಜುಗಡ್ಡೆಯಲ್ಲಿಟ್ಟು, ದಿನ, ಹೊತ್ತು, ಜಾಗ ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಮುಟ್ಟಿಸಿ. ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸತ್ತ ಮೀನು, ಚಿಪ್ಪು ಯಾರೂ ಮನೆಗೆ ಒಯ್ಯದಂತೆ ಮಕ್ಕಳಿಗೆ ಹೇಳಿ, ಕೋಳಿಗೂ ಹಾಕುವುದು ಬೇಡ.