ಬರೆ ಯಾರಿಗೆ?

ಓದುಗರ ಪತ್ರ: ಈಗಿನ ಸಿನಿಮಾ, ಧಾರಾವಾಹಿಗಳು ರೋಬೋಟ್ ಸತ್ತರೂ ನಮ್ಮನ್ನು ಅಳಿಸುತ್ತವೆ. ಯಂತ್ರಕ್ಕೂ ಮನಸ್ಸಿದೆ ಎಂದು ಮಕ್ಕಳು ನಂಬಿಬಿಟ್ಟಾರು. ಅದಕ್ಕಿಂತ ‘ಟರ್ಮಿನೇಟರ್’ ಥರದ ಚಿತ್ರಗಳೇ ವಾಸಿ, ಹೆದರಿಸಿಯಾದರೂ ಎಚ್ಚರಿಸುತ್ತವೆ. (ನಿವೃತ್ತ ಶಿಕ್ಷಕರೊಬ್ಬರು)

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಆತಂಕ ಸುಳ್ಳಲ್ಲ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ‘ಎಲಿಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪ್ರಕಟಿಸಿದರು. ನಾವು ಟೈಪ್ ಮಾಡಿದ್ದನ್ನೇ ತಿರುವಿ ಪ್ರಶ್ನೆ ಕೇಳುವುದಷ್ಟೇ ಅದರ ಕಸುಬು. ಅದು ತಯಾರಾಗುವುದನ್ನು ಕಣ್ಣಾರೆ ನೋಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ನಾಲ್ಕು ಮಾತಾಡುವಷ್ಟರಲ್ಲಿ, ಸ್ವಲ್ಪ ಹೊರಗಿರಿ ಎಂದು ಅವರನ್ನು ಕೇಳಿಕೊಂಡರಂತೆ. ನಾವು ಬೇಗ ಮರುಳಾಗುತ್ತೇವೆ, ನಿಜ. ಆದರೆ ಹೆದರಿಸುವ ಚಿತ್ರ ಎಚ್ಚರಿಸುತ್ತದೆ ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ.

1931ರ ‘ಫ್ರಾಂಕೆನ್‌ಸ್ಟೈನ್’ ನೆನಪಿಸಿಕೊಳ್ಳಿ. ಅದರ ಮೂಲವಾದ 1818ರ ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬ ಸೃಷ್ಟಿಸಿದ ಜೀವಿ ಕವಿ ಮಿಲ್ಟನ್‌ನನ್ನು ಓದುತ್ತದೆ, ತನ್ನನ್ನು ಹುಟ್ಟಿಸಿ ಕೈಬಿಟ್ಟವನನ್ನು ಎದುರು ನಿಂತು ಪ್ರಶ್ನಿಸುತ್ತದೆ. ಸಿನಿಮಾ ಅದರ ನಾಲಿಗೆಯನ್ನೇ ಕಿತ್ತುಕೊಂಡಿತು. ಆದರೂ ಕೆರೆಯ ದಂಡೆಯ ಒಂದು ದೃಶ್ಯವಿದೆ. ಪುಟ್ಟ ಹುಡುಗಿಯೊಬ್ಬಳು ಹೆದರದೆ ಅದರ ಕೈಗೆ ಹೂ ಕೊಡುತ್ತಾಳೆ. ಇಬ್ಬರೂ ಒಂದೊಂದೇ ಹೂ ನೀರಿಗೆ ಎಸೆಯುತ್ತಾರೆ, ಹೂ ತೇಲುತ್ತವೆ, ಅದರ ಮುಖ ಅರಳುತ್ತದೆ. ಹೂ ಮುಗಿದಾಗ ಹುಡುಗಿಯೂ ತೇಲುತ್ತಾಳೆಂದುಕೊಂಡು ಅವಳನ್ನೇ ಎತ್ತಿ ನೀರಿಗೆ ಹಾಕುತ್ತದೆ. ಆಮೇಲೆ ದಿಕ್ಕು ತೋಚದೆ ಓಡುತ್ತದೆ. ಸೆನ್ಸಾರಿನವರು ಇದನ್ನು ಕತ್ತರಿಸಿದರು. ಉಳಿದದ್ದು ಹುಡುಗಿಯತ್ತ ಚಾಚಿದ ಎರಡು ಕೈ, ಮುಂದೆ ಅವಳ ಹೆಣ. ನೋಡಿದವರು ಏನೇನು ಊಹಿಸಿಕೊಂಡಿರಬೇಕು! ಅರಿಯದೆ ಆದ ತಪ್ಪನ್ನು ಕತ್ತರಿ ಕ್ರೌರ್ಯವಾಗಿಸಿತು. ಆ ತುಣುಕು ಪ್ರತಿಗಳಿಗೆ ಮರಳಿದ್ದು 1980ರ ದಶಕದಲ್ಲಿ.

ಹೆದರಿಸುವ ಚಿತ್ರಗಳು ಹೀಗೆಯೇ ಮಾಡುತ್ತವೆ ಮೇಷ್ಟ್ರೇ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಕೆಂಪು ಕಣ್ಣು ತೋರಿಸಿ, ಆ ಕಣ್ಣನ್ನು ಕೂರಿಸಿದ ಕೈಯನ್ನು ಮರೆಸಿಬಿಡುತ್ತವೆ. ಚೆಕ್ ಲೇಖಕ ಕರೆಲ್ ಚಾಪೆಕ್‌ನ 1920ರ ನಾಟಕದಿಂದ ಬಂದ ‘ರೋಬೋಟ್’ ಎಂಬ ಪದದ ಬೇರು ಬಿಟ್ಟಿಚಾಕರಿ ಎಂಬರ್ಥದ ಚೆಕ್ ಶಬ್ದ. ದುಡಿಸಿಕೊಂಡವನ ಕಥೆಯಾಗಿ ಹುಟ್ಟಿದ್ದನ್ನು ನಾವು ದೆವ್ವದ ಕಥೆ ಮಾಡಿಕೊಂಡೆವು.

ಮಕ್ಕಳಿಗೆ ತೋರಿಸಲೇಬೇಕೆಂದರೆ ಬಾಹ್ಯಾಕಾಶದ ಕಥೆಯ ‘ಸ್ಟಾರ್ ಟ್ರೆಕ್’ ಧಾರಾವಾಹಿಯ 1989ರ ಒಂದು ಕಂತು ತೋರಿಸಿ. ಡೇಟಾ ಎಂಬ ಯಂತ್ರಮಾನವ ತಾನು ದುಡಿಯುವ ಇಲಾಖೆಯ ಆಸ್ತಿಯೇ ಎಂಬ ವಿಚಾರಣೆ ಅದು. ಅವನ ಗೆಳೆಯನೇ ವಿಧಿಯಿಲ್ಲದೆ ಅವನ ವಿರುದ್ಧ ವಾದಿಸಬೇಕಾಗುತ್ತದೆ, ಎಲ್ಲರೆದುರು ಅವನ ಸ್ವಿಚ್ ಆರಿಸುತ್ತಾನೆ. ಅವನಿಗೆ ಆತ್ಮವಿದೆ ಎಂದು ನ್ಯಾಯಾಧೀಶೆ ಹೇಳುವುದಿಲ್ಲ; ಆಯ್ಕೆಯ ಹಕ್ಕನ್ನಷ್ಟೇ ಕೊಡುತ್ತಾಳೆ. ಯಂತ್ರದ ಬಗ್ಗೆ ಮಕ್ಕಳು ಯೋಚಿಸಬೇಕಾದ್ದು ಹೀಗೆ.

ಇದೆಲ್ಲ ಬರೀ ಸಿನಿಮಾದ ಮಾತೂ ಅಲ್ಲ. ನಮ್ಮ ಚಿಕ್ಕಮ್ಮನ ಪಿಂಚಣಿ ನಿಂತಾಗ ನಾನೇ ಕಚೇರಿಗೆ ಹೋಗಿದ್ದೆ. ‘ಸಿಸ್ಟಮ್ ತಗೋತಿಲ್ಲ ಸಾರ್’ ಅಂದರು. ಮೂರು ಸಲ ಹೋದರೂ ಅದೇ ಮಾತು. ಕೊನೆಗೆ ನೋಡಿದರೆ ಯಾರೋ ಹುಟ್ಟಿದ ಇಸವಿ ತಪ್ಪು ಟೈಪಿಸಿದ್ದರು. ಅಲ್ಲಿ ಒಬ್ಬರಾದರೂ ‘ನಮ್ಮಿಂದ ತಪ್ಪಾಯಿತು’ ಅನ್ನಲಿಲ್ಲ. ಆ ಸಿಟ್ಟು ನನಗಿನ್ನೂ ಆರಿಲ್ಲ. ತಪ್ಪನ್ನು ಹೊರಿಸಲು ಬಾಯಿಲ್ಲದ್ದೊಂದು ಎದುರಿಗಿದ್ದರೆ ಮನುಷ್ಯ ಎಷ್ಟು ನಿರಾಳವಾಗಿಬಿಡುತ್ತಾನೆ!

ಇನ್ನು 1968ರ ‘2001: ಎ ಸ್ಪೇಸ್ ಒಡಿಸ್ಸಿ’. ಬಾಹ್ಯಾಕಾಶ ನೌಕೆ ನಡೆಸುವ ಹಾಲ್ ಎಂಬ ಕಂಪ್ಯೂಟರ್ ಅದರಲ್ಲಿದ್ದ ಐವರಲ್ಲಿ ನಾಲ್ವರನ್ನು ಕೊಲ್ಲುತ್ತದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಬದುಕುಳಿದವನು ಕೆಂಪು ಬೆಳಕಿನ ಕೋಣೆಗೆ ಬಂದು ಅದರ ನೆನಪಿನ ಬಿಲ್ಲೆಗಳನ್ನು ಒಂದೊಂದಾಗಿ ಸಡಿಲಿಸುತ್ತಾನೆ. ಹೆದರಿಕೆಯಾಗುತ್ತಿದೆ ಎನ್ನುತ್ತದೆ ಹಾಲ್. ಕಲಿಸಿಕೊಟ್ಟ ಹಾಡೊಂದನ್ನು ಹಾಡುತ್ತದೆ, ದನಿ ಎಳೆದೆಳೆದು ನಿಂತುಹೋಗುತ್ತದೆ. ಜನ ಅಲ್ಲಿಗೆ ಉಸಿರುಬಿಟ್ಟು ಮುಂದಿನದನ್ನು ಗಮನಿಸುವುದಿಲ್ಲ. ನೀವು ಇನ್ನೊಮ್ಮೆ ನೋಡಿ. ಆ ಕ್ಷಣವೇ ಪಕ್ಕದ ಪರದೆ ಹೊತ್ತಿಕೊಳ್ಳುತ್ತದೆ. ಮೊದಲೇ ಚಿತ್ರೀಕರಿಸಿಟ್ಟ ಅಧಿಕಾರಿಯ ಮುಖ, ತಣ್ಣನೆಯ ದನಿ: ಈ ಯಾತ್ರೆಯ ನಿಜವಾದ ಉದ್ದೇಶವನ್ನು ಭದ್ರತೆಯ ಕಾರಣಕ್ಕೆ ಇಷ್ಟು ದಿನ ಗುಟ್ಟಾಗಿಟ್ಟಿದ್ದೆವು, ನೌಕೆಯಲ್ಲಿ ಅದು ಹಾಲ್ ಒಬ್ಬನಿಗೇ ಗೊತ್ತಿತ್ತು.