ಸ್ಟೋನ್ಸ್ ಆಲ್ಬಂಗೆ ಯಾವ ಮೌತ್ ಆರ್ಗನ್?

ಪ್ರಶ್ನೆ: ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ 2016ರ ‘ಬ್ಲೂ ಆ್ಯಂಡ್ ಲೋನ್‌ಸಮ್’ ಆಲ್ಬಂ ಜೊತೆ ನುಡಿಸಿದರೆ ನನ್ನ ಸಿ ಶ್ರುತಿಯ, 24 ರಂಧ್ರದ ಮೌತ್ ಆರ್ಗನ್ ಸೇರುವುದೇ ಇಲ್ಲ. ಏಕೆ?

ಉತ್ತರ: ನಿಮ್ಮದು ಟ್ರೆಮೊಲೊ. ಅದರಲ್ಲಿ ಪ್ರತಿ ಸ್ವರಕ್ಕೂ ಚೂರು ಶ್ರುತಿ ವ್ಯತ್ಯಾಸವಿರುವ ಎರಡು ರೀಡುಗಳು (ಕಂಪಿಸಿ ಸ್ವರ ಹೊಮ್ಮಿಸುವ ಲೋಹದ ಪಟ್ಟಿಗಳು) ಇರುತ್ತವೆ. ಸಿನಿಮಾ ಹಾಡಿಗೆ ಬಹಳ ಚೆಂದ, ಆದರೆ ಈ ಆಲ್ಬಂ ಪೂರ್ತಿ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ ಶೈಲಿ; ಅದಕ್ಕೆ ಬೇಕಾದ ಹಾಗೆ ಸ್ವರ ಬಗ್ಗುವುದಿಲ್ಲ, ಅಂದರೆ ನುಡಿಸುತ್ತಲೇ ಕೆಳಕ್ಕೆ ಜಾರುವುದಿಲ್ಲ. 10 ರಂಧ್ರದ ಡಯಾಟೊನಿಕ್ ಕೊಳ್ಳಿ. ಅದರಲ್ಲಿ ಊದುವ, ಎಳೆಯುವ ರೀಡುಗಳು ಒಂದೇ ಗೂಡಿನಲ್ಲಿರುವುದರಿಂದ ಸ್ವರ ಬಗ್ಗುತ್ತದೆ.

ಶ್ರುತಿಯ ಲೆಕ್ಕ ಸುಲಭ. ಹಾಡಿನ ಷಡ್ಜಕ್ಕೆ ಶುದ್ಧ ಮಧ್ಯಮ ಯಾವುದೋ, ಆ ಶ್ರುತಿಯ ವಾದ್ಯ ಹಿಡಿಯಿರಿ: ಹಾಡಿನ ಶ್ರುತಿ ಇ ಆದರೆ ವಾದ್ಯ ಎ, ಎ ಆದರೆ ಡಿ, ಜಿ ಆದರೆ ಸಿ. ಆಗ 2ನೇ ರಂಧ್ರದಲ್ಲಿ ಉಸಿರೆಳೆದರೆ ಷಡ್ಜ ಸಿಗುತ್ತದೆ. ಬಗ್ಗಿಸುವ ಅಭ್ಯಾಸವನ್ನು 4ನೇ ರಂಧ್ರದಿಂದ ಶುರು ಮಾಡಿ. ಉಸಿರೆಳೆಯುತ್ತಲೇ ಬಾಯನ್ನು ‘ಈ’ಯಿಂದ ‘ಊ’ಗೆ ತನ್ನಿ. ಜೋರಾಗಿ ಎಳೆದರೆ ರೀಡು ಕಟ್ಟಿಕೊಂಡು ಸ್ವರವೇ ನಿಲ್ಲುತ್ತದೆ. ಹೊಸಬರು ಎಡವುವುದು ಇಲ್ಲೇ. 3ನೇ ರಂಧ್ರ ಮೂರು ಅರ್ಧಸ್ವರದಷ್ಟು ಇಳಿಯುತ್ತದೆ, ಹಿಡಿತಕ್ಕೆ ಬರುವುದು ತಡ. ಆದರೆ ಬ್ಲೂಸ್‌ನ ಗಾಂಧಾರ ಇರುವುದೇ ಅಲ್ಲಿ, ಬಿಡಬೇಡಿ.

ಪ್ರಶ್ನೆ: ಈ ಆಲ್ಬಂ ಧ್ವನಿಮುದ್ರಣವನ್ನು ಮೂರೇ ದಿನದಲ್ಲಿ ಮುಗಿಸಿದರಂತೆ, ನಿಜವೇ?

ಉತ್ತರ: ನಿಜ. 2015ರ ಡಿಸೆಂಬರ್, ಲಂಡನ್ನಿನ ಬ್ರಿಟಿಷ್ ಗ್ರೋವ್ ಸ್ಟುಡಿಯೊ, ನಿರ್ಮಾಪಕ ಡಾನ್ ವಾಸ್. 12 ಹಾಡುಗಳೂ ಬೇರೆಯವರ ಹಳೆಯ ಬ್ಲೂಸ್, ಹಾಗಾಗಿ ಹಾಡು ಬರೆಯುವ ಕೆಲಸವೇ ಇರಲಿಲ್ಲ. ಎರಡರಲ್ಲಿ ಎರಿಕ್ ಕ್ಲಾಪ್ಟನ್ ಗಿಟಾರ್ ಇದೆ. ಆದರೂ ಆಲ್ಬಮ್ಮಿನ ಜೀವ ಬ್ಯಾಂಡಿನ ಗಾಯಕ ಮಿಕ್ ಜಾಗರ್ ಅವರ ಮೌತ್ ಆರ್ಗನ್ನೇ.