ತಪ್ಪು ಮಾಡದವರಿಗೂ ವಕೀಲರು ಬೇಕು

ದಾವಣಗೆರೆಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆಯುತ್ತಾರೆ: “ಮಗಳು ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ. ಮೊಮ್ಮಗನ ಬೆನ್ನಿನ ಮೇಲೆ ನೀಲಿ ಕಲೆ ನೋಡಿ ಡೇಕೇರ್‌ನವರು ದೂರು ಕೊಟ್ಟರು. ಮಕ್ಕಳ ರಕ್ಷಣೆಯ ಇಲಾಖೆಯವರು ಮನೆಗೆ ಬಂದಾಗ ಅಳಿಯ ‘ನಮ್ಮ ವಕೀಲರು ಬರಲಿ, ಆಮೇಲೆ ಮಾತಾಡೋಣ’ ಅಂದನಂತೆ. ತಪ್ಪು ಮಾಡದವರಿಗೆ ವಕೀಲರು ಯಾಕೆ? ಅನುಮಾನ ಇನ್ನೂ ಜಾಸ್ತಿ ಆಗಲ್ವಾ?”

ಉತ್ತರ: ನಿಮ್ಮ ಅಳಿಯ ಮಾಡಿದ್ದು ಸರಿ, ತಾಯಿ. ಮಕ್ಕಳನ್ನು ಹೊಡೆದು ಬಡಿದು ಹಿಂಸಿಸುವ ಅಪ್ಪ ಅಮ್ಮಂದಿರು ಇದ್ದಾರೆ. ಅಂಥ ಮನೆಗೆ ಅಧಿಕಾರಿಗಳು ತಕ್ಷಣ ಹೋಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ನೀಲಿ ಕಲೆಯನ್ನೇ ನೋಡಿ. ನಮ್ಮ ಕಡೆಯ ಎಷ್ಟೋ ಕೂಸುಗಳಿಗೆ ಹುಟ್ಟುವಾಗಲೇ ಸೊಂಟದ ಹತ್ತಿರ, ಕುಂಡೆಯ ಮೇಲೆ ಇಂಥ ಮಚ್ಚೆ ಇರುತ್ತದೆ. ಬೆಳೆಯುತ್ತಾ ತಾನಾಗಿಯೇ ಮಾಸುತ್ತದೆ. ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಗೆ ಅದು ಗೊತ್ತು. ಬಿಳಿಯ ಮಕ್ಕಳನ್ನೇ ನೋಡಿದ ಕಣ್ಣಿಗೆ ಅದು ಪೆಟ್ಟಿನ ಗುರುತು. ಗಾಬರಿಯಲ್ಲಿ ನಿಮ್ಮ ಮಗಳು “ಮೊನ್ನೆ ಮಂಚದಿಂದ ಬಿದ್ದಿದ್ದ, ಅದಕ್ಕೇ ಇರಬೇಕು” ಅಂದುಬಿಟ್ಟಿದ್ದರೆ? ಆ ಮಾತು ಫೈಲಿಗೆ ಸೇರುತ್ತಿತ್ತು. ಆಮೇಲೆ ವೈದ್ಯರು “ಇದು ಹುಟ್ಟುಮಚ್ಚೆ” ಅಂದರೂ “ಮತ್ತೆ ಬಿದ್ದ ಅಂತ ಯಾಕೆ ಹೇಳಿದಿರಿ?” ಅನ್ನುವ ಪ್ರಶ್ನೆ ಏಳುತ್ತಿತ್ತು.

ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯದಲ್ಲಿ 2023ರ ಸೆಪ್ಟೆಂಬರ್‌ನಿಂದ ಹೊಸ ಕಾನೂನು ಬಂದಿದೆ. ಮಾತಾಡದೆ ಇರಬಹುದು, ವಕೀಲರನ್ನು ಕರೆಯಬಹುದು, ಕೋರ್ಟಿನ ಆದೇಶ ಇಲ್ಲದಿದ್ದರೆ ಒಳಗೆ ಬಿಡದೆ ಇರಬಹುದು, ನಡೆದದ್ದನ್ನು ರೆಕಾರ್ಡ್ ಮಾಡಿಕೊಳ್ಳಬಹುದು. ಇದನ್ನೆಲ್ಲ ತನಿಖೆಗೆ ಬಂದವರೇ ಮೊದಲು ಹೇಳಬೇಕು. ಕಳ್ಳನನ್ನು ಹಿಡಿದ ಅಮೆರಿಕದ ಪೊಲೀಸರು ಹಕ್ಕು ಓದಿ ಹೇಳಿ ಪ್ರಶ್ನೆ ಕೇಳುವ ಪದ್ಧತಿ 1966ರಿಂದ ಇದೆ. ಅಪ್ಪ ಅಮ್ಮನಿಗೆ ಅಷ್ಟು ಮರ್ಯಾದೆ ಸಿಗಲು ಇಷ್ಟು ವರ್ಷ ಬೇಕಾಯಿತು! ಮಗುವನ್ನು ಹೆತ್ತವರಿಂದ ಶಾಶ್ವತವಾಗಿ ದೂರ ಮಾಡಲು ಗಟ್ಟಿ ಸಾಕ್ಷಿ ಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು, ನಿಜ. ಆದರೆ ಅದರ ಹಿಂದಿನ ವರ್ಷವೇ, ಅಂಥ ಕೇಸಿನಲ್ಲಿ ಬಡ ತಾಯಿಗೆ ಸರ್ಕಾರ ವಕೀಲರನ್ನು ಕೊಡಲೇಬೇಕೆಂದಿಲ್ಲ ಅಂತಲೂ ಹೇಳಿತ್ತು. ವಕೀಲರಿಲ್ಲದ ತಾಯಿ ಆ ಸಾಕ್ಷಿಯನ್ನು ಹೇಗೆ ಎದುರಿಸಬೇಕು?

ನಾರ್ವೆಯ ಕತೆ ನಿಮಗೂ ನೆನಪಿರಬೇಕು. 2011ರಲ್ಲಿ ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ಅಧಿಕಾರಿಗಳು ಕರೆದೊಯ್ದರು. ಕೈಯಿಂದ ಉಣ್ಣಿಸುವುದು, ಮಗುವನ್ನು ಜೊತೆಯಲ್ಲೇ ಮಲಗಿಸಿಕೊಳ್ಳುವುದು ಕೂಡ ತಪ್ಪಾಯಿತು ಅಂತ ದಂಪತಿ ಹೇಳಿದರು. ತಾಯಿಯ ಮಡಿಲಿಗೆ ಮಕ್ಕಳು ಮರಳಿದ್ದು 2013ರಲ್ಲಿ. ಬೇರೊಂದು ಕುಟುಂಬದ ಕೇಸಿನಲ್ಲಿ, ನಾರ್ವೆ ಕುಟುಂಬದ ಹಕ್ಕನ್ನು ಮುರಿದಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು.

ನೀವು ಟೀಚರ್ ಆಗಿದ್ದವರು. ಎದ್ದು ನಿಂತು ಪ್ರಶ್ನೆ ಕೇಳಿದ ಹುಡುಗನನ್ನು ತಪ್ಪಿತಸ್ಥ ಅಂತ ಎಂದಾದರೂ ಅಂದುಕೊಂಡಿದ್ದೀರಾ? ಅಳಿಯನ ಮೇಲೆ ಮಾತ್ರ ಯಾಕೆ ಬೇಸರ?

ನನ್ನ ಕೋಪ ನಮ್ಮ ಕನ್ನಡ ಸಂಘಗಳ ಮೇಲೆ. ಗಣೇಶನ ಹಬ್ಬಕ್ಕೆ, ಯುಗಾದಿ ಊಟಕ್ಕೆ ಸಭಾಂಗಣ ತುಂಬಿಸುತ್ತಾರೆ. ಹೊಸದಾಗಿ ಮಗುವಾದ ದಂಪತಿಗಳನ್ನು ಕೂರಿಸಿ, ಒಬ್ಬ ವಕೀಲರನ್ನು ಕರೆಸಿ ಒಂದು ಸಂಜೆ ಮಾತಾಡಿಸಲು ಏನು ಕಷ್ಟ? ಬಾಣಂತನಕ್ಕೆ ಹೋಗುವ ಅಜ್ಜಿಯರಿಗಾದರೂ ಹೇಳಿ ಕಳಿಸಬೇಕು. ನಿಮ್ಮ ಮಗಳಿಗೆ ಇವತ್ತೇ ಫೋನ್ ಮಾಡಿ. ಮಗುವಿನ ಮಚ್ಚೆ ಎಲ್ಲಿದೆ, ಎಷ್ಟು ದೊಡ್ಡದಿದೆ ಅಂತ ಮಕ್ಕಳ ಡಾಕ್ಟರ ಫೈಲಿನಲ್ಲಿ ಬರೆಸಿ, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಲಿ.